ಬ್ರೋಷರಿನಲ್ಲಿ ರೋಮ್, ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ

ಪ್ರಶ್ನೆ: ನಾನು ಶಿವಮೊಗ್ಗದವಳು. ನಿವೃತ್ತ ಹೈಸ್ಕೂಲ್ ಟೀಚರ್, ವಯಸ್ಸು 61. ಯಜಮಾನರಿಗೆ 66, ಬ್ಯಾಂಕಿನಲ್ಲಿದ್ದು ರಿಟೈರ್ ಆಗಿದ್ದಾರೆ. ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಮುಂದಿನ ವರ್ಷ ಅವಳ ಮನೆಯಲ್ಲಿ ಎರಡು ವಾರ ಇದ್ದು, ಆಮೇಲೆ ನಾವಿಬ್ಬರೇ ಒಂದು ವಾರ ಹಡಗಿನಲ್ಲಿ ಹೋಗಬೇಕೆಂದು ಯಜಮಾನರ ಆಸೆ. ಬಾರ್ಸಿಲೋನಾದಿಂದ ಹೊರಟು ಮಾರ್ಸೇಲ್, ಜಿನೋವಾ, ಫ್ಲಾರೆನ್ಸ್, ರೋಮ್, ನೇಪಲ್ಸ್ ನೋಡಿ, ಒಂದು ದಿನ ಪೂರ್ತಿ ಸಮುದ್ರದಲ್ಲಿದ್ದು ಮತ್ತೆ ಬಾರ್ಸಿಲೋನಾಕ್ಕೆ ಬರುವ 7 ರಾತ್ರಿಯ ಕ್ರೂಸ್ ಒಂದು. ಅಥೆನ್ಸ್‌ನಿಂದ ಹೊರಟು ಗ್ರೀಸಿನ ದ್ವೀಪಗಳು ಮತ್ತು ಟರ್ಕಿಯ ಕುಶಾದಸಿ ನೋಡುವುದು ಇನ್ನೊಂದು. ಮಗಳು ಮಾತ್ರ ಡ್ಯಾನ್ಯೂಬ್ ನದಿಯ ಕ್ರೂಸ್ ಸಾಕು ಅನ್ನುತ್ತಾಳೆ.

ನನಗೆ ಆಗುಂಬೆ ಘಾಟಿ ಇಳಿಯುವಾಗಲೇ ಬಸ್ಸಿನಲ್ಲಿ ವಾಂತಿಯಾಗುತ್ತದೆ. ಮಂಡಿನೋವಿದೆ, ಬಿಪಿ ಇದೆ. ಯಜಮಾನರಿಗೆ ಸಕ್ಕರೆ ಕಾಯಿಲೆ. ನಾವು ಸಸ್ಯಾಹಾರಿಗಳು. 'ದೊಡ್ಡ ಹಡಗು ಅಲ್ಲಾಡುವುದೇ ಇಲ್ಲ, ಊಟ ತಿಂಡಿ ಎಲ್ಲ ಸೇರಿದೆ, ಹಡಗು ಹೊರಡುವ ದೇಶದ ವೀಸಾ ಮಾಡಿಸಿದರಾಯಿತು' ಎಂದು ಏಜೆಂಟರು ಹೇಳುತ್ತಾರೆ. ಪರಿಚಯದವರೊಬ್ಬರು 'ಊರು ನೋಡಲು ಹೋದವರನ್ನು ಬಿಟ್ಟು ಹಡಗು ಹೊರಟೇಬಿಡುತ್ತದೆ' ಎಂದು ಹೆದರಿಸಿದ್ದಾರೆ. ನನ್ನಿಂದ ಇವರ ಖುಷಿ ಹಾಳಾಗಬಾರದು ಅನ್ನುವುದೇ ನನ್ನ ದೊಡ್ಡ ಚಿಂತೆ. ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಪತ್ರದ ಕೊನೆಯ ಸಾಲನ್ನೇ ಮೊದಲು ಹಿಡಿದುಕೊಳ್ಳುತ್ತೇನೆ. ಕ್ರೂಸ್ ಪ್ರವಾಸಗಳನ್ನು ಹೊಂದಿಸಿ ಕೊಡುವ ಕೆಲಸದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ನಿಮ್ಮ ವಯಸ್ಸಿನ ದಂಪತಿಗಳಲ್ಲಿ ಒಬ್ಬರಿಗೆ ಎಲ್ಲವನ್ನೂ ನೋಡುವ ಉತ್ಸಾಹ, ಇನ್ನೊಬ್ಬರಿಗೆ ಕಾಲು ಬರುವುದಿಲ್ಲ. ಬಸ್ ಟೂರಿನಲ್ಲಿ ಇದು ನಿಜಕ್ಕೂ ಕಷ್ಟ. ಬೆಳಿಗ್ಗೆ 7ಕ್ಕೆ ಸೂಟ್‌ಕೇಸ್ ಹೊರಗಿಡಬೇಕು, ಬಸ್ಸು ಹತ್ತಲೇಬೇಕು. ಹಡಗಿನಲ್ಲಿ ಹಾಗಿಲ್ಲ. ನಿಮ್ಮ ಕೋಣೆ ನಿಮ್ಮ ಜೊತೆಗೇ ಬರುತ್ತದೆ. ಯಜಮಾನರು ಫ್ಲಾರೆನ್ಸ್‌ಗೆ ಹೋಗಿ ಬರಲಿ, ನೀವು ಅವತ್ತು ಹಡಗಿನಲ್ಲೇ ಇರಿ. ಹಡಗು ಬಂದರಿನಲ್ಲಿ ನಿಂತ ದಿನ ಮುಕ್ಕಾಲು ಜನ ಇಳಿದುಹೋಗಿರುತ್ತಾರೆ. ಲಿಫ್ಟಿಗೆ ಕಾಯಬೇಕಾಗಿಲ್ಲ, ಡೆಕ್ಕಿನ ಮೇಲೆ ಬೇಕಾದ ಕುರ್ಚಿ ಸಿಗುತ್ತದೆ, ಗಲಾಟೆ ಇಲ್ಲದೆ ಕೂತು ಊಟ ಮಾಡಬಹುದು. ಸಂಜೆ ಅವರು ಬಂದು ಕಂಡದ್ದನ್ನೆಲ್ಲ ಹೇಳುತ್ತಾರೆ. ಇಬ್ಬರೂ ಪ್ರತಿ ಬಂದರಿನಲ್ಲೂ ಇಳಿಯಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ಇದನ್ನು ಇಬ್ಬರೂ ಈಗಲೇ ಮಾತಾಡಿಕೊಂಡರೆ ನಿಮ್ಮ ಅರ್ಧ ಚಿಂತೆ ಇಳಿಯುತ್ತದೆ.

ಇನ್ನು ಏಜೆಂಟರು ಹೇಳಿದ ಮೂರು ಮಾತು. ಮೊದಲನೆಯದರಲ್ಲಿ ಸ್ವಲ್ಪ ಸತ್ಯ ಇದೆ, ಎರಡನೆಯದು ಅರ್ಧ ಸತ್ಯ, ಮೂರನೆಯದು ತಪ್ಪು.

ಹಡಗು ಅಲ್ಲಾಡುವ ವಿಷಯಕ್ಕೆ ಬರೋಣ. ಘಾಟಿಯಲ್ಲಿ ಯಾಕೆ ವಾಂತಿಯಾಗುತ್ತದೆ? ನಮ್ಮ ಒಳಕಿವಿಯಲ್ಲಿ ಚಲನೆಯನ್ನು ಗುರುತಿಸುವ ಅಂಗವಿದೆ. ಅದು 'ತಿರುಗುತ್ತಿದ್ದೇವೆ' ಅನ್ನುತ್ತದೆ. ಮುಂದಿನ ಸೀಟಿನ ಬೆನ್ನನ್ನು ನೋಡುತ್ತಿರುವ ಕಣ್ಣು 'ಇಲ್ಲ, ಸುಮ್ನೆ ಕೂತಿದ್ದೇವೆ' ಅನ್ನುತ್ತದೆ. ಇವೆರಡೂ ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಸಮುದ್ರದಲ್ಲೂ ಇದೇ ಆಗುವುದು. ಅದರಲ್ಲೂ ಸುಮಾರು ಐದು ಸೆಕೆಂಡಿಗೊಮ್ಮೆ ನಿಧಾನವಾಗಿ ಏರಿ ಇಳಿಯುವ ಚಲನೆ ಮನುಷ್ಯರಿಗೆ ಅತಿ ಹೆಚ್ಚು ಹೊಟ್ಟೆ ತೊಳಸುತ್ತದೆ. ಸಣ್ಣ ದೋಣಿಯಲ್ಲಿ ಇದು ಜಾಸ್ತಿ. ಮೂರು ನಾಲ್ಕು ಸಾವಿರ ಜನರನ್ನು ಹೊತ್ತ ಹಡಗಿನಲ್ಲಿ, ನೀರಿನೊಳಗೆ ಎರಡೂ ಬದಿಗೆ ರೆಕ್ಕೆಯಂತೆ ಚಾಚಿಕೊಳ್ಳುವ ಸ್ಟೆಬಿಲೈಸರ್‌ಗಳು ಇರುವುದರಿಂದ, ಶಾಂತ ಸಮುದ್ರದಲ್ಲಿ ಹಡಗು ಹೊರಟಿದ್ದೇ ಗೊತ್ತಾಗುವುದಿಲ್ಲ ಎನ್ನುವವರೇ ಹೆಚ್ಚು.

ಆದರೆ 'ಅಲ್ಲಾಡುವುದೇ ಇಲ್ಲ' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸ್ಟೆಬಿಲೈಸರ್ ಹಡಗು ಪಕ್ಕಕ್ಕೆ ವಾಲುವುದನ್ನು ತಡೆಯುತ್ತದೆ. ಮೂತಿ ಏರಿ ಬಾಲ ಇಳಿಯುವುದನ್ನು ಅಷ್ಟಾಗಿ ತಡೆಯುವುದಿಲ್ಲ. ನಿಮ್ಮ ಹಡಗು ಮಾರ್ಸೇಲ್ ಕಡೆಗೆ ಹೋಗುವಾಗ ಲಯನ್ ಕೊಲ್ಲಿ ಸಿಗುತ್ತದೆ. ಅಲ್ಲಿ ಫ್ರಾನ್ಸಿನ ರೋನ್ ಕಣಿವೆಯಿಂದ ಮಿಸ್ಟ್ರಲ್ ಎಂಬ ಬಿರುಗಾಳಿ ಇಳಿದು ಬರುತ್ತದೆ. ಅದರ ಕಾಟ ಚಳಿಗಾಲ ಮತ್ತು ವಸಂತದಲ್ಲಿ ಹೆಚ್ಚು. ಗ್ರೀಸಿನ ಕಡೆ ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ದಿನಗಟ್ಟಲೆ ಬೀಸುತ್ತದೆ. ಹಾಗಾಗಿ ನಿಮ್ಮಂಥವರಿಗೆ ನಾನು ಮೇ ಕೊನೆಯಿಂದ ಜೂನ್ ಮಧ್ಯದವರೆಗೆ, ಇಲ್ಲವಾದರೆ ಸೆಪ್ಟೆಂಬರ್ ಹೇಳುತ್ತೇನೆ. ಜುಲೈ, ಆಗಸ್ಟ್ ಬೇಡವೇ ಬೇಡ. ರೋಮ್‌ನ ಬಿಸಿಲು ಆಗ 35 ಡಿಗ್ರಿ ದಾಟುತ್ತದೆ. ಶಾಲೆಗಳಿಗೆ ರಜೆ ಇರುವುದರಿಂದ ಹಡಗು ಮಕ್ಕಳಿಂದ ತುಂಬಿರುತ್ತದೆ, ದರವೂ ಏರಿರುತ್ತದೆ.

ಬಸ್ಸಿನಲ್ಲಿ ವಾಂತಿಯಾಗುವವರಿಗೆ ಹಡಗಿನಲ್ಲೂ ಆಗುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಇದು ನಿಜ. ವಯಸ್ಸಾದಂತೆ ಈ ತೊಂದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಅನ್ನುವುದೂ ಅಷ್ಟೇ ನಿಜ. ನಿಮ್ಮ ಕೈಯಲ್ಲಿರುವುದು ಕೋಣೆಯ ಆಯ್ಕೆ. ತಕ್ಕಡಿಯ ದಂಡದ ಹಾಗೆ, ಹಡಗಿನ ಎರಡು ತುದಿಗಳು ಹೆಚ್ಚು ಆಡುತ್ತವೆ, ನಡು ಕಡಿಮೆ ಆಡುತ್ತದೆ. ಆದ್ದರಿಂದ ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ, ಲಿಫ್ಟಿಗೆ ಹತ್ತಿರ, ಕಿಟಕಿ ಇರುವ ಕೋಣೆ ಕೇಳಿ. ಕಿಟಕಿಯೇ ಇಲ್ಲದ ಒಳಗಿನ ಕೋಣೆ ಅಗ್ಗ, ಆದರೆ ನಿಮಗೆ ಬೇಡ. ಹೊಟ್ಟೆ ತೊಳಸಿದಾಗ ದೂರದ ದಿಗಂತವನ್ನು ನೋಡುವುದೇ ಮೊದಲ ಮದ್ದು. ಕಣ್ಣೂ ಕಿವಿಯೂ ಆಗ ಒಂದೇ ಮಾತು ಹೇಳುತ್ತವೆ. 'ಗ್ಯಾರಂಟಿ ಕ್ಯಾಬಿನ್' ಎಂದು ಕಡಿಮೆ ದರಕ್ಕೆ ಕೊಟ್ಟರೆ ಎಚ್ಚರ. ಯಾವ ಕೋಣೆ ಎಂದು ಆರಿಸುವುದು ಆಗ ಕಂಪನಿ. ಮೂತಿಯ ತುದಿಯ ಕೋಣೆಯೂ ಬರಬಹುದು.

ಬಾಲ್ಕನಿಗೆ ಜಾಸ್ತಿ ದುಡ್ಡು ಕೊಡಬೇಕಾ? ನಾರ್ವೆಯ ಫ್ಯೋರ್ಡ್‌ಗಳಿಗೆ ಹೋಗುವವರಿಗೆ ಖಂಡಿತ ತೆಗೆದುಕೊಳ್ಳಿ ಅನ್ನುತ್ತೇನೆ. ಅಲ್ಲಿ ಹಡಗು ಹಗಲಿನಲ್ಲೇ ಬೆಟ್ಟಗಳ ನಡುವೆ ಸಾಗುತ್ತದೆ. ನೀವು ಹೇಳಿದ ದಾರಿಯಲ್ಲಿ ಹಡಗು ಹೆಚ್ಚಾಗಿ ರಾತ್ರಿಯೇ ಓಡುತ್ತದೆ. ಬೆಳಿಗ್ಗೆ ಎದ್ದು ಬಾಲ್ಕನಿಗೆ ಬಂದರೆ ಕಾಣುವುದು ಕಂಟೇನರ್‌ಗಳು ಮತ್ತು ಕ್ರೇನು. ಆ ದುಡ್ಡನ್ನು ಬಾರ್ಸಿಲೋನಾದಲ್ಲಿ ಒಂದು ರಾತ್ರಿಯ ಹೋಟೆಲಿಗೂ ರೋಮ್ ದಿನದ ಪ್ರವಾಸಕ್ಕೂ ಇಟ್ಟುಕೊಳ್ಳಿ.

ಮಾತ್ರೆ ವಿಷಯದಲ್ಲಿ ಒಂದು ಮಾತು. ನಾನು ಡಾಕ್ಟರಲ್ಲ. ನಮ್ಮವರು ಸಾಮಾನ್ಯವಾಗಿ ತರುವುದು ಅವೋಮಿನ್. ಸಿನ್ನರಿಜಿನ್, ಮೆಕ್ಲಿಜಿನ್ ಕೂಡ ಇವೆ. ಎಲ್ಲವನ್ನೂ ತೊಂದರೆ ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ಅಲ್ಲ. ಇವು ನಿದ್ದೆ ಬರಿಸುತ್ತವೆ. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರಿಗೆ ಕೆಲವು ಆಗಿಬರುವುದಿಲ್ಲ. ನಿಮ್ಮ ಬಿಪಿ ಮಾತ್ರೆಯ ಚೀಟಿಯನ್ನು ಹಿಡಿದುಕೊಂಡು ಹೋಗಿ ನಿಮ್ಮ ಡಾಕ್ಟರನ್ನೇ ಕೇಳಿ. ಅವರು ಬರೆದುಕೊಟ್ಟದ್ದನ್ನು ಊರಿನಲ್ಲೇ ಒಂದು ಸಲ ತೆಗೆದುಕೊಂಡು ನೋಡಿ. ಮೈಗೆ ಹೊಂದುತ್ತದೋ ಇಲ್ಲವೋ ಹಡಗು ಹತ್ತುವ ಮೊದಲೇ ತಿಳಿಯುತ್ತದೆ.

ಈಗ ಬಂದರುಗಳು. ನನ್ನ ಅನುಭವದಲ್ಲಿ ಕ್ರೂಸ್ ಪ್ರವಾಸ ಕೆಡುವುದು ಹಡಗಿನ ಒಳಗೆ ಅಲ್ಲ, ಬಂದರು ಮತ್ತು ಊರಿನ ನಡುವಿನ ದೂರದಲ್ಲಿ. ಬ್ರೋಷರಿನಲ್ಲಿ 'ರೋಮ್' ಎಂದಿರುತ್ತದೆ. ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ, ರೋಮ್‌ನಿಂದ ಸುಮಾರು 70 ಕಿಲೋಮೀಟರ್ ಆಚೆ. 'ಫ್ಲಾರೆನ್ಸ್' ಎಂದಿದ್ದರೆ ಅದು ಲಿವೋರ್ನೊ, ಫ್ಲಾರೆನ್ಸ್‌ನಿಂದ ಸುಮಾರು 90 ಕಿಲೋಮೀಟರ್. 'ಪ್ಯಾರಿಸ್' ಎಂದು ಬರೆದಿರುವ ಕ್ರೂಸ್‌ಗಳಲ್ಲಿ ಹಡಗು ನಿಲ್ಲುವುದು ಲೆ ಹಾವ್ರ್‌ನಲ್ಲಿ. ಅಲ್ಲಿಂದ ಪ್ಯಾರಿಸ್ಸಿಗೆ ಸುಮಾರು 200 ಕಿಲೋಮೀಟರ್. ವೆನಿಸ್ಸಿನ ನಡುವಿನ ಕಾಲುವೆಗೆ 25,000 ಟನ್ನಿಗಿಂತ ದೊಡ್ಡ ಹಡಗುಗಳು ಬರುವುದನ್ನು ಇಟಲಿ 2021ರ ಆಗಸ್ಟ್‌ನಿಂದ ನಿಲ್ಲಿಸಿದೆ. ಹಾಗಾಗಿ ಅಲ್ಲೂ ಹಡಗು ಎಲ್ಲಿ ನಿಲ್ಲುತ್ತದೆ ಎಂದು ಕೇಳಿಯೇ ಬುಕ್ ಮಾಡಬೇಕು.

ರೋಮ್ ದಿನವನ್ನು ಗಂಟೆ ಹಿಡಿದು ಲೆಕ್ಕ ಹಾಕೋಣ. ಹಡಗು ಬೆಳಿಗ್ಗೆ 7ಕ್ಕೆ ಬಂತು ಅಂದುಕೊಳ್ಳಿ, ರಾತ್ರಿ 7ಕ್ಕೆ ಹೊರಡುತ್ತದೆ. ಕೇಳಲು ಹನ್ನೆರಡು ಗಂಟೆ. ತಿಂಡಿ ತಿಂದು, ಸಾಲಿನಲ್ಲಿ ನಿಂತು ಇಳಿಯುವಾಗ 8 ದಾಟಿರುತ್ತದೆ. ಹಡಗು ನಿಂತ ಕಟ್ಟೆಯಿಂದ ಬಂದರಿನ ಗೇಟಿಗೆ ಒಂದು ಬಸ್ಸು. ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ ಇನ್ನೊಂದು ಬಸ್ಸು, ಅಥವಾ ನಡಿಗೆ. ಟಿಕೆಟ್, ರೈಲು. ಹೆಚ್ಚಿನ ರೈಲುಗಳು ಸ್ಯಾನ್ ಪಿಯೆತ್ರೊ ಎಂಬ ಸ್ಟೇಷನ್ನಿನಲ್ಲಿ ನಿಲ್ಲುತ್ತವೆ. ಸೇಂಟ್ ಪೀಟರ್ಸ್ ಚರ್ಚಿಗೆ ಅಲ್ಲಿಂದ ಕಾಲು ಗಂಟೆಯ ನಡಿಗೆ, ನಿಮ್ಮ ಮಂಡಿಗೆ ಇಪ್ಪತ್ತೈದು ನಿಮಿಷ ಅಂದುಕೊಳ್ಳಿ. ಅಲ್ಲಿಗೆ 10 ಗಂಟೆ ದಾಟಿತು. ಸಂಜೆ ಹಡಗು ಹೊರಡುವುದು 7ಕ್ಕಾದರೂ ಎಲ್ಲರೂ ಹತ್ತಿರಬೇಕಾದದ್ದು ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಮೊದಲು. ಮಧ್ಯಾಹ್ನ 3, 3.30ರ ರೈಲು ಹಿಡಿದರೆ ಎದೆ ಹೊಡೆದುಕೊಳ್ಳುವುದಿಲ್ಲ. ಅಂದರೆ ರೋಮ್‌ನಲ್ಲಿ ನಿಮಗೆ ಸಿಗುವುದು ಐದು ಗಂಟೆ. ಅಷ್ಟರಲ್ಲಿ ಸೇಂಟ್ ಪೀಟರ್ಸ್, ಹೊರಗಿನಿಂದ ಕೊಲೋಸಿಯಂ, ಒಂದು ಊಟ. ಶಿವಮೊಗ್ಗ ತೋರಿಸುತ್ತೇವೆ ಎಂದು ತೀರ್ಥಹಳ್ಳಿಯಲ್ಲಿ ಇಳಿಸಿದರೆ ನೀವು ಹೇಗೆ ಯೋಜನೆ ಹಾಕುತ್ತೀರೋ ಹಾಗೆ ಹಾಕಬೇಕು.

ವಾರವನ್ನೂ ನೋಡಿಕೊಳ್ಳಿ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ಮುಚ್ಚಿರುತ್ತದೆ. ಫ್ಲಾರೆನ್ಸಿನ ಉಫೀತ್ಸಿ ಕಲಾ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತದೆ. ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಆಗುತ್ತದೆ. 'ಶೋಪೆರೊ' ಎನ್ನುತ್ತಾರೆ. ಮೊದಲೇ ಘೋಷಿಸುತ್ತಾರಾದ್ದರಿಂದ ಹಿಂದಿನ ವಾರ ಮಗಳಿಗೆ ನೋಡಲು ಹೇಳಿ.

ಬಿಟ್ಟು ಹೋಗುವ ಹೆದರಿಕೆ ಸುಳ್ಳಲ್ಲ. ಹಡಗು ಕಾಯುವುದಿಲ್ಲ. ಬಂದರಿನಲ್ಲಿ ನಿಲ್ಲುವ ಪ್ರತಿ ಗಂಟೆಗೂ ಖರ್ಚಿದೆ, ಮುಂದಿನ ಬಂದರಿನಲ್ಲಿ ಜಾಗ ಕಾದಿರಿಸಿರುತ್ತಾರೆ. ಆದರೆ ಹಡಗಿನ ಕಂಪನಿಯೇ ನಡೆಸುವ ಪ್ರವಾಸದಲ್ಲಿ ಹೋಗಿ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಕಂಪನಿಯೇ ನಿಮ್ಮನ್ನು ಮುಂದಿನ ಬಂದರಿಗೆ ಮುಟ್ಟಿಸುತ್ತದೆ. ಆ ಪ್ರವಾಸಗಳಿಗೆ ದರ ಹೆಚ್ಚು. ಆ ಹೆಚ್ಚಿನ ಹಣ ಈ ಭರವಸೆಗೆ. ಎಲ್ಲ ಬಂದರಿಗೂ ಅದು ಬೇಕಾಗಿಲ್ಲ. ಜಿನೋವಾದಲ್ಲಿ ಹಡಗು ಊರಿನ ಮಗ್ಗುಲಲ್ಲೇ ನಿಲ್ಲುತ್ತದೆ, ಹಳೇ ಊರಿಗೆ ನಡೆದೇ ಹೋಗಬಹುದು. ನೇಪಲ್ಸ್‌ನಲ್ಲೂ ಇಳಿದರೆ ಎದುರಿಗೇ ಕೋಟೆ. ಮಾರ್ಸೇಲ್‌ನಲ್ಲಿ ಬಂದರು ಊರಿನಿಂದ ಸ್ವಲ್ಪ ದೂರ, ಶಟಲ್ ಬಸ್ಸು ಇರುತ್ತದೆ.

ಎಲ್ಲಿ ತಪ್ಪಿಸಿಕೊಂಡರೆ ಎಷ್ಟು ಕಷ್ಟ ಅನ್ನುವುದನ್ನೂ ಯೋಚಿಸಿ. ರೋಮ್‌ನಲ್ಲಿ ಹಡಗು ತಪ್ಪಿತು ಅಂದುಕೊಳ್ಳಿ. ಮರುದಿನ ಹಡಗು ಇರುವುದು ನೇಪಲ್ಸ್‌ನಲ್ಲಿ. ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ರಾತ್ರಿ ರೋಮ್‌ನಲ್ಲಿ ಉಳಿದು ಬೆಳಿಗ್ಗೆ ಹೋಗಿ ಹತ್ತಬಹುದು. ಆದರೆ ನೇಪಲ್ಸ್‌ನಲ್ಲಿ ತಪ್ಪಿದರೆ ಹಡಗು ಮತ್ತೆ ನೆಲ ಮುಟ್ಟುವುದು ಬಾರ್ಸಿಲೋನಾದಲ್ಲಿ. ವಿಮಾನದಲ್ಲಿ ಅಲ್ಲಿಗೆ ಹೋಗಬೇಕು, ನಿಮ್ಮ ಸಾಮಾನೆಲ್ಲ ಹಡಗಿನಲ್ಲಿ. ಹಾಗಾಗಿ ನೇಪಲ್ಸ್ ದಿನ ಪೊಂಪೇಗೆ ಹೋಗುವುದಾದರೆ ಹಡಗಿನವರ ಬಸ್ಸಿನಲ್ಲೇ ಹೋಗಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ಸಿನ ಬೂದಿಯಡಿ ಹೂತುಹೋದ ಆ ಊರಿನ ಬೀದಿಗಳಿಗೆ ದೊಡ್ಡ ದೊಡ್ಡ ಉಬ್ಬುತಗ್ಗಿನ ಕಲ್ಲು ಹಾಸಿದೆ. ನೆರಳು ಕಡಿಮೆ. ಮಂಡಿನೋವಿನವರಿಗೆ ಎರಡು ಗಂಟೆ ನಿಜಕ್ಕೂ ಜಾಸ್ತಿಯೇ. ಯಜಮಾನರು ಅಲ್ಲಿಗೆ ಹೋಗಲಿ. ಪೊಂಪೇಯಲ್ಲಿ ಸಿಕ್ಕ ಮೊಸಾಯಿಕ್, ಗೋಡೆಚಿತ್ರಗಳಲ್ಲಿ ಬಹಳಷ್ಟು ನೇಪಲ್ಸಿನ ಪುರಾತತ್ವ ಮ್ಯೂಸಿಯಂನಲ್ಲಿವೆ. ಟ್ಯಾಕ್ಸಿಯಲ್ಲಿ ಹೋಗಿ ನಿಧಾನವಾಗಿ ನೋಡಬಹುದು. ಪಾಠ ಮಾಡಿದವರು ನೀವು, ನಿಮಗೆ ಅದು ಇಷ್ಟವಾಗುತ್ತದೆ ಅನಿಸುತ್ತದೆ. ಮಂಗಳವಾರ ಮಾತ್ರ ಅದು ಮುಚ್ಚಿರುತ್ತದೆ.

ಕೆಲವು ಹಡಗುಗಳಲ್ಲಿ ಹತ್ತುವಾಗಲೇ ನಮ್ಮ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತಾರೆ. ಗಾಬರಿ ಬೇಡ, ಅದು ವಾಡಿಕೆ. ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಜೆರಾಕ್ಸ್ ಇಬ್ಬರ ಬಳಿಯೂ ಬೇರೆಬೇರೆ ಇರಲಿ. ಹಡಗಿನಲ್ಲಿ ದಿನವೂ ಕೋಣೆಗೆ ಬರುವ ಹಾಳೆಯಲ್ಲಿ ಆಯಾ ಬಂದರಿನ ಏಜೆಂಟರ ಫೋನ್ ನಂಬರ್ ಇರುತ್ತದೆ. ಇಳಿಯುವ ಮೊದಲು ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಹಡಗು ತಪ್ಪಿದವರ ಪಾಸ್‌ಪೋರ್ಟನ್ನು ಸಾಮಾನ್ಯವಾಗಿ ಆ ಬಂದರಿನ ಏಜೆಂಟರ ಕೈಯಲ್ಲೇ ಬಿಟ್ಟು ಹೋಗುತ್ತಾರೆ.

ಗ್ರೀಸ್-ಟರ್ಕಿ ಕ್ರೂಸ್ ಚೆನ್ನಾಗಿಯೇ ಇದೆ, ಆದರೆ ನಿಮಗೆ ಈ ಸಲ ಬೇಡ ಅನ್ನುತ್ತೇನೆ. ಸ್ಯಾಂಟೊರಿನಿಯಲ್ಲಿ ದೊಡ್ಡ ಹಡಗು ಕಟ್ಟೆಗೆ ಬರುವುದಿಲ್ಲ. ನಡುನೀರಿನಲ್ಲಿ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ಹಡಗಿನ ಬದಿಯ ಬಾಗಿಲಿನಿಂದ ಏರಿಳಿಯುವ ದೋಣಿಗೆ ಒಂದು ಹೆಜ್ಜೆ ಇಡಬೇಕು. ಸಿಬ್ಬಂದಿ ಎರಡೂ ತೋಳು ಹಿಡಿದುಕೊಳ್ಳುತ್ತಾರೆ, ಆದರೂ ಮಂಡಿ ಮೇಲೆ ಭರವಸೆ ಇಲ್ಲದವರಿಗೆ ಆ ಒಂದು ಹೆಜ್ಜೆಯೇ ಭಯ. ದಡದಿಂದ ಮೇಲಿನ ಫೀರಾ ಊರಿಗೆ ಕೇಬಲ್ ಕಾರ್ ಇದೆ. ಮೂರು ನಾಲ್ಕು ಹಡಗು ಒಟ್ಟಿಗೆ ಬಂದ ದಿನ ಅದಕ್ಕೆ ಒಂದು ಗಂಟೆಗೂ ಹೆಚ್ಚು ಸಾಲು. ಇಲ್ಲದಿದ್ದರೆ ಸುಮಾರು 600 ಮೆಟ್ಟಿಲು, ಕತ್ತೆಗಳ ನಡುವೆ. 2025ರಿಂದ ಬೇಸಿಗೆಯಲ್ಲಿ ಸ್ಯಾಂಟೊರಿನಿ, ಮಿಕೊನೋಸ್‌ಗಳಲ್ಲಿ ಕ್ರೂಸ್ ಪ್ರಯಾಣಿಕರಿಂದ ತಲೆಗೆ 20 ಯುರೋ ತೆರಿಗೆಯನ್ನೂ ತೆಗೆದುಕೊಳ್ಳುತ್ತಿದ್ದಾರೆ. ಅಲೆ ಜಾಸ್ತಿಯಾದರೆ ದೋಣಿ ಬಿಡುವುದೇ ಇಲ್ಲ, ಆ ಬಂದರು ರದ್ದು. ಯಾವ ಬಂದರನ್ನಾದರೂ ಬಿಟ್ಟು ಮುಂದೆ ಹೋಗುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. ಆಗ ನಿಮಗೆ ವಾಪಸ್ ಬರುವುದು ಸಾಮಾನ್ಯವಾಗಿ ಬಂದರು ಶುಲ್ಕ ಮಾತ್ರ.

ಮಗಳು ಹೇಳಿದ ಡ್ಯಾನ್ಯೂಬ್ ಬಗ್ಗೆ. ವಾಂತಿಯ ಭಯ ಒಂದನ್ನೇ ನೋಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. ನದಿಯಲ್ಲಿ ಅಲೆ ಇಲ್ಲ. ಪಾಸೌದಿಂದ ಹೊರಟು ಮೆಲ್ಕ್, ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್ ನೋಡಿ ಬರುವ ಕ್ರೂಸ್‌ಗಳಿವೆ. ಮ್ಯೂನಿಕ್‌ನಿಂದ ಪಾಸೌಗೆ ರೈಲಿನಲ್ಲಿ ಎರಡು ಗಂಟೆಯ ಆಸುಪಾಸು. ದೋಣಿ ಎಷ್ಟೋ ಕಡೆ ಊರಿನ ನಡುವೆಯೇ ನಿಲ್ಲುತ್ತದೆ, ಬುಡಾಪೆಸ್ಟ್‌ನಲ್ಲಂತೂ ಸೇತುವೆಗಳ ಪಕ್ಕದಲ್ಲೇ. ವಾಖಾವ್ ಕಣಿವೆಯಲ್ಲಿ ದ್ರಾಕ್ಷಿ ತೋಟಗಳ ನಡುವೆ ಹಗಲಿನಲ್ಲೇ ಸಾಗುತ್ತದೆ. ತೊಂದರೆಗಳೂ ಇವೆ. ಇನ್ನೂರರ ಒಳಗೆ ಜನ ಇರುವ ದೋಣಿ, ಒಂದೇ ಊಟದ ಕೋಣೆ, ಸಸ್ಯಾಹಾರಕ್ಕೆ ಆಯ್ಕೆ ಕಡಿಮೆ. ಲಿಫ್ಟ್ ಎಲ್ಲ ಅಂತಸ್ತಿಗೂ ಇರುವುದಿಲ್ಲ. ಕಟ್ಟೆಯಲ್ಲಿ ಜಾಗ ಇಲ್ಲದಿದ್ದರೆ ದೋಣಿಗಳನ್ನು ಪಕ್ಕಪಕ್ಕದಲ್ಲಿ ಕಟ್ಟುತ್ತಾರೆ. ದಡಕ್ಕೆ ಹೋಗಲು ಬೇರೆ ದೋಣಿಗಳನ್ನು ದಾಟಿ, ಕೆಲವೊಮ್ಮೆ ಮೆಟ್ಟಿಲು ಹತ್ತಿ ಇಳಿದು ಹೋಗಬೇಕು. 2018 ಮತ್ತು 2022ರ ಬೇಸಿಗೆಗಳಲ್ಲಿ ಆದಂತೆ ನದಿಯಲ್ಲಿ ನೀರು ತೀರಾ ಇಳಿದರೆ ಮಧ್ಯದ ದಾರಿಯನ್ನು ಬಸ್ಸಿನಲ್ಲಿ ಮಾಡಿಸುತ್ತಾರೆ. ದಿನದ ಲೆಕ್ಕದಲ್ಲಿ ಸಮುದ್ರದ ದೊಡ್ಡ ಹಡಗಿಗಿಂತ ಇದು ಸಾಮಾನ್ಯವಾಗಿ ದುಬಾರಿ.

ನನ್ನನ್ನು ಕೇಳಿದರೆ ಬಾರ್ಸಿಲೋನಾದ ಕ್ರೂಸ್ ನಿಮಗೆ ಆಗುತ್ತದೆ. ಸಮುದ್ರ ಯಜಮಾನರ ಆಸೆ, ಬರೀ ಆಗುಂಬೆಯ ನೆನಪಿಗೆ ಹೆದರಿ ಅದನ್ನು ಬಿಡಬೇಡಿ. ಡಾಕ್ಟರು ಕೊಟ್ಟ ಮಾತ್ರೆ ನಿಮಗೆ ಹೊಂದದಿದ್ದರೆ ಮಾತ್ರ ಡ್ಯಾನ್ಯೂಬ್.

'ಊಟ ತಿಂಡಿ ಎಲ್ಲ ಸೇರಿದೆ' ಅನ್ನುವುದರ ಇನ್ನರ್ಧ ಇಲ್ಲಿದೆ. ಊಟ ಸೇರಿದೆ. ದಿನಕ್ಕೆ ತಲೆಗೆ 10ರಿಂದ 20 ಯುರೋ ಆಸುಪಾಸು ಸೇವಾಶುಲ್ಕ ಹೆಚ್ಚಿನ ಹಡಗುಗಳಲ್ಲಿ ಬೇರೆ. ತಂಪು ಪಾನೀಯ, ಒಳ್ಳೆಯ ಕಾಫಿ, ವೈಫೈ, ಊರು ತೋರಿಸುವ ಪ್ರವಾಸ ಎಲ್ಲ ಬೇರೆ. ಕೆಲವು ಹಡಗುಗಳಲ್ಲಿ ರಾತ್ರಿ ಊಟದ ಟೇಬಲ್ಲಿನ ನೀರಿನ ಬಾಟಲಿಗೂ ದುಡ್ಡು. ಬುಫೆಯಲ್ಲಿ ನೀರು ಪುಕ್ಕಟೆ ಸಿಗುತ್ತದೆ. ಹಡಗು ಹೊರಟ ಕೂಡಲೇ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ನಡುಸಮುದ್ರದಲ್ಲಿ ಫೋನು ಹಡಗಿನ ಸ್ಯಾಟಲೈಟ್ ನೆಟ್‌ವರ್ಕಿಗೆ ತಾನಾಗಿ ಸೇರಿಕೊಂಡರೆ ಬರುವ ಬಿಲ್ಲು ವಿಪರೀತ. ಯುರೋಪಿನ ರೋಮಿಂಗ್ ಪ್ಯಾಕ್ ಅಲ್ಲಿ ನಡೆಯುವುದಿಲ್ಲ. ಖರ್ಚಿಗೆ ಹಡಗಿನವರು ಕಾರ್ಡಿನ ಮೇಲೆ ಒಂದಷ್ಟು ಹಣ ತಡೆಹಿಡಿಯುತ್ತಾರೆ. ಫಾರೆಕ್ಸ್ ಕಾರ್ಡ್ ಕೊಟ್ಟರೆ ಆ ಹಣ ಬಹಳ ದಿನ ಸಿಕ್ಕಿಕೊಳ್ಳಬಹುದು, ಕ್ರೆಡಿಟ್ ಕಾರ್ಡ್ ಕೊಡಿ. ಏಜೆಂಟರು ಪ್ಯಾಕೇಜಿನ ಮೇಲೆ ಟಿಸಿಎಸ್ (ಮುಂಚಿತವಾಗಿ ಹಿಡಿಯುವ ಆದಾಯ ತೆರಿಗೆ) ತೆಗೆದುಕೊಂಡರೆ ಅದನ್ನು ಯಜಮಾನರು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಬ್ಯಾಂಕಿನವರಿಗೆ ನಾನು ಹೇಳಬೇಕಾಗಿಲ್ಲ.

ಸಸ್ಯಾಹಾರಕ್ಕೆ ಪರದಾಟ ಇಲ್ಲ. ಬುಕ್ ಮಾಡುವಾಗಲೇ ಬರೆಸಿ. ಮೊದಲ ರಾತ್ರಿ ಊಟದ ಕೋಣೆಯ ಹೆಡ್ ವೇಟರನ್ನು ಕಂಡು ಮೊಟ್ಟೆ, ಮೀನು ಕೂಡ ಬೇಡ ಎಂದು ಬಿಡಿಸಿ ಹೇಳಿ. ಎಷ್ಟೋ ದೊಡ್ಡ ಹಡಗುಗಳಲ್ಲಿ ಗೋವಾ, ಮುಂಬೈ, ಮಂಗಳೂರು ಕಡೆಯ ಹುಡುಗರು ಕೆಲಸದಲ್ಲಿರುತ್ತಾರೆ. ಹಿಂದಿನ ದಿನ ಹೇಳಿದರೆ ಅನ್ನ, ದಾಲ್, ಪಲ್ಯ ಮಾಡಿಸಿ ಕೊಡುತ್ತಾರೆ. ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಅವನ್ನು ಹತ್ತುವಾಗಲೇ ತೆಗೆದಿಡುತ್ತಾರೆ. ಮಗಳಿಗೆಂದು ತುಪ್ಪ, ಪನೀರ್ ಕೂಡ ಬೇಡ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಚಟ್ನಿಪುಡಿ, ಅವಲಕ್ಕಿಗೆ ತೊಂದರೆ ಇಲ್ಲ. ಊಟಕ್ಕೆ ಮೊದಲು ಕೈಯನ್ನು ಸೋಪಿನಿಂದಲೇ ತೊಳೆಯಿರಿ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೊರೊವೈರಸ್ ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ.

ಸುರಕ್ಷತೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿ ಮಗುಚಿ 32 ಜನ ಸತ್ತರು. ಅದು ಚಿವಿತಾವೆಕ್ಕಿಯಾದಿಂದಲೇ ಹೊರಟಿತ್ತು. ಅವತ್ತು ಹತ್ತಿದ ನೂರಾರು ಜನರಿಗೆ ಸುರಕ್ಷತಾ ತಾಲೀಮು ಇನ್ನೂ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯ ಒಳಗೆ ಮಾಡಿದರೆ ಸಾಕಿತ್ತು. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಮಾಡಲೇಬೇಕು. ಸುಸ್ತಾಗಿದೆ ಎಂದು ತಪ್ಪಿಸಬೇಡಿ. ನಿಮ್ಮ ಕೋಣೆಯಿಂದ, ಅಪಾಯದ ಹೊತ್ತಿನಲ್ಲಿ ಎಲ್ಲರೂ ಸೇರುವ ಜಾಗಕ್ಕೆ ಲಿಫ್ಟ್ ಇಲ್ಲದೆ ಒಮ್ಮೆ ನಡೆದು ನೋಡಿ.

ಕೊನೆಗೆ ವೀಸಾ. 'ಹಡಗು ಹೊರಡುವ ದೇಶದ ವೀಸಾ' ಅನ್ನುವುದು ತಪ್ಪು. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ನಿಯಮದಲ್ಲಿ ಅರ್ಜಿ ಹಾಕಬೇಕಾದದ್ದು ಪ್ರವಾಸದ ಮುಖ್ಯ ದೇಶಕ್ಕೆ, ಅಂದರೆ ಹೆಚ್ಚು ದಿನ ಇರುವ ದೇಶಕ್ಕೆ. ದಿನಗಳು ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ನೀವು ಮಗಳ ಮನೆಯಲ್ಲಿ ಎರಡು ವಾರ ಇರುತ್ತೀರಿ. ಸ್ಪೇನ್, ಇಟಲಿ ಯಾವುದೂ ಅದನ್ನು ಮೀರುವುದಿಲ್ಲ. ನಿಮ್ಮ ಅರ್ಜಿ ಜರ್ಮನಿಗೆ. ಮಗಳ ಆಹ್ವಾನ ಪತ್ರ, ಹಡಗಿನ ಬುಕಿಂಗ್ ಎರಡನ್ನೂ ಇಡಿ, ಒಂದನ್ನು ಮುಚ್ಚಿಡಬೇಡಿ. ಸಮುದ್ರಕ್ಕೆ ಇಳಿದರೆ ಷೆಂಗೆನ್‌ನಿಂದ ಹೊರಹೋದಂತೆ ಎಂದು ಕೆಲವರು ಹೇಳುತ್ತಾರೆ. ಬಂದರುಗಳೆಲ್ಲ ಷೆಂಗೆನ್ ದೇಶಗಳಲ್ಲೇ ಇದ್ದರೆ ಹಾಗಲ್ಲ. ನಿಮ್ಮ ಬಾರ್ಸಿಲೋನಾ ಕ್ರೂಸ್ ಅಂಥದ್ದು. ಕುಶಾದಸಿಗೆ ಹೋಗಿದ್ದರೆ ಷೆಂಗೆನ್‌ನಿಂದ ಹೊರಬಿದ್ದು ಮತ್ತೆ ಒಳಬರಬೇಕಿತ್ತು, ಒಂದು ಪ್ರವೇಶದ ವೀಸಾದಲ್ಲಿ ಅದು ನಡೆಯುವುದಿಲ್ಲ, ಟರ್ಕಿಯ ವೀಸಾ ಬೇಕಾ ಎಂದೂ ಕೇಳಿಕೊಳ್ಳಬೇಕಿತ್ತು. ಆದರೂ ಬಹುಪ್ರವೇಶದ ವೀಸಾವನ್ನೇ ಕೇಳಿ. ಎಷ್ಟೋ ಕ್ರೂಸ್ ಕಂಪನಿಗಳು ಹತ್ತಿಸುವಾಗ ಅದನ್ನೇ ಕೇಳುತ್ತವೆ, ಕಟ್ಟೆಯ ಮೇಲೆ ನಿಂತು ವಾದ ಮಾಡಲಾಗುವುದಿಲ್ಲ. ಅರ್ಜಿಯನ್ನು ಆರು ತಿಂಗಳ ಮೊದಲೇ ಹಾಕಬಹುದು. ದೊಡ್ಡವರಿಗೆ ಶುಲ್ಕ 90 ಯುರೋ, ಅರ್ಜಿ ತೆಗೆದುಕೊಳ್ಳುವ ವಿಎಫ್ಎಸ್ ಕಂಪನಿಯ ಸೇವಾಶುಲ್ಕ ಬೇರೆ. 2025ರ ಅಕ್ಟೋಬರಿನಿಂದ ಯುರೋಪಿನ ಗಡಿಯಲ್ಲಿ ಮುಖದ ಫೋಟೋ, ಬೆರಳಚ್ಚು ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಶುರುವಾಗಿದೆ. ಮ್ಯೂನಿಕ್‌ನಲ್ಲಿ ಇಳಿದಾಗ ಅದಕ್ಕೆ ಸಮಯ ಇಟ್ಟುಕೊಳ್ಳಿ.

ವೀಸಾಕ್ಕೆ 30,000 ಯುರೋ ವೈದ್ಯಕೀಯ ವಿಮೆ ಸಾಕು, ಹಡಗಿಗೆ ಸಾಲದು. ಹಡಗಿನ ಆಸ್ಪತ್ರೆ ದುಬಾರಿ, ಮೊದಲು ನೀವೇ ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು. ಹೃದಯದ ತೊಂದರೆಯಂಥದ್ದಾದರೆ ಹೆಲಿಕಾಪ್ಟರಿನಲ್ಲಿ ದಡಕ್ಕೆ ಒಯ್ಯಬೇಕಾಗಬಹುದು. ಪಾಲಿಸಿಯಲ್ಲಿ ಕ್ರೂಸ್ ಸೇರಿದೆಯಾ, ಹಾಗೆ ಒಯ್ಯುವ ಖರ್ಚು ಸೇರಿದೆಯಾ, ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆಗೆ ನಡೆಯುತ್ತದೆಯಾ ಎಂದು ಓದಿ ನೋಡಿ. ಕಾಯಿಲೆಗಳನ್ನು ಅರ್ಜಿಯಲ್ಲಿ ಬರೆಯಿರಿ. ಬರೆಯದಿದ್ದರೆ ಕ್ಲೇಮ್ ನಿಲ್ಲುವುದೇ ಅಲ್ಲಿ.

ಮ್ಯೂನಿಕ್‌ನಿಂದ ಬಾರ್ಸಿಲೋನಾಕ್ಕೆ ವಿಮಾನ ಎರಡೇ ಗಂಟೆ, ಅವತ್ತೇ ಬೆಳಿಗ್ಗೆ ಹೊರಡೋಣ ಎಂದು ಯಜಮಾನರು ಹೇಳಬಹುದು. ಒಪ್ಪಬೇಡಿ. ವಿಮಾನ ರದ್ದಾದರೆ ಹಡಗು ಹೋಯಿತು, ದುಡ್ಡೂ ಹೋಯಿತು. ಹಿಂದಿನ ದಿನವೇ ಹೋಗಿ ಬಾರ್ಸಿಲೋನಾದಲ್ಲಿ ಉಳಿಯಿರಿ. ಅಲ್ಲಿನ ಹೆಸರಾಂತ ಚರ್ಚ್ ಸಗ್ರಾಡಾ ಫಮಿಲಿಯಾ ನೋಡುವುದೂ ಆಗುತ್ತದೆ, ಟಿಕೆಟನ್ನು ಮೊದಲೇ ಆನ್‌ಲೈನಿನಲ್ಲಿ ತೆಗೆಯಬೇಕು. ಹಡಗು ಹತ್ತುವ ದಿನ ಸೂಟ್‌ಕೇಸನ್ನು ಕಟ್ಟೆಯಲ್ಲೇ ಸಿಬ್ಬಂದಿ ತೆಗೆದುಕೊಳ್ಳುತ್ತಾರೆ, ಅದು ಕೋಣೆಗೆ ಬರುವಾಗ ಸಂಜೆಯಾಗಬಹುದು. ಇಬ್ಬರ ಮಾತ್ರೆ, ಡಾಕ್ಟರ ಚೀಟಿ, ಸಕ್ಕರೆ ನೋಡುವ ಮೀಟರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಯಜಮಾನರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಸೂಟ್‌ಕೇಸಿಗೆ ಹಾಕಲೇಬೇಡಿ. ಕೋಣೆಯ ಮಿನಿಬಾರ್ ಅದಕ್ಕೆ ಸಾಕಷ್ಟು ತಂಪಾಗಿರುತ್ತದಾ ಎಂದು ಬುಕ್ ಮಾಡುವಾಗಲೇ ಏಜೆಂಟರಿಂದ ಕಂಪನಿಗೆ ಕೇಳಿಸಿ, ಉತ್ತರವನ್ನು ಈಮೇಲಿನಲ್ಲಿ ತರಿಸಿಕೊಳ್ಳಿ. ಕೋಣೆಯ ನಂಬರನ್ನೂ ಅದರ ಜೊತೆಗೇ ಬರೆಸಿಕೊಂಡು ಆಮೇಲೆ ಮುಂಗಡ ಕೊಡಿ.